ಕಡಲಿನ ಬಿಸಿ, ಚಂಡಮಾರುತದ ಬಲ

(ಸಂಘದ ಸಭೆಯಲ್ಲಿ ಒಬ್ಬರು ಓದಿ, ಎಲ್ಲರೂ ಕೂತು ಚರ್ಚಿಸಲು ಅಧ್ಯಯನ ಪಾಠ)



ಕರಾವಳಿಯ ಒಂದು ಸಂಘದ ಸಭೆಗೆ ನಾವು ಹೋಗಿದ್ದೆವು. ಉಳಿತಾಯದ ಲೆಕ್ಕ, ಸಾಲದ ಕಂತು ಎಲ್ಲ ಮುಗಿದ ಮೇಲೆ ಮಾತು ಕಡಲಿನ ಕಡೆಗೆ ತಿರುಗಿತು. ಮೀನು ಮಾರುವ ಒಬ್ಬ ಅಕ್ಕ ಕೇಳಿದರು: "2021ರಲ್ಲಿ ಬಂದ ಆ ತೌಕ್ತೆ ತೂಫಾನು ಗುಜರಾತಿಗೆ ಹೋಯ್ತು ಅಂತ ಟಿ.ವಿ.ಯಲ್ಲಿ ಹೇಳಿದ್ರು. ಹಾಗಾದ್ರೆ ನಮ್ಮ ಮನೆ ಎದುರಿನ ಎರಡು ತೆಂಗಿನಮರ ಸಮುದ್ರ ಪಾಲಾದದ್ದು ಯಾಕೆ?" ಪಕ್ಕದಲ್ಲಿ ಕೂತಿದ್ದ ತಂಗಿ ಇನ್ನೊಂದು ಪ್ರಶ್ನೆ ಹಾಕಿದಳು: "ಸಮುದ್ರ ಬಿಸಿಯಾದ್ರೆ ಚಂಡಮಾರುತ ಬರ್ತದೆ ಅಂತಾರೆ. ಮೇ ತಿಂಗಳು ಪೂರ್ತಿ ಸಮುದ್ರ ಬಿಸಿಯೇ ಅಲ್ವಾ? ಮತ್ತೆ ವಾರ ವಾರ ಯಾಕೆ ಬರೋದಿಲ್ಲ?"

ಎರಡೂ ಒಳ್ಳೆಯ ಪ್ರಶ್ನೆಗಳು. ಇವುಗಳಿಗೆ ಉತ್ತರ ಹುಡುಕುತ್ತಾ ಹೋದರೆ ಒಂದು ವಿಷಯ ಗೊತ್ತಾಗುತ್ತದೆ. ಚಂಡಮಾರುತ ಬರೀ ಗಾಳಿಯ ವಿಷಯ ಅಲ್ಲ. ಅದು ಗಾಳಿ ಮತ್ತು ಕಡಲಿನ ನಡುವಿನ ಕೊಡುಕೊಳ್ಳುವಿಕೆ. ಕಡಲು ಗಾಳಿಗೆ ಬಲ ಕೊಡುತ್ತದೆ, ಗಾಳಿ ತಿರುಗಿ ಕಡಲನ್ನೇ ಕಲಕುತ್ತದೆ. ಈ ವ್ಯವಹಾರ ಅರ್ಥವಾದರೆ ಹವಾಮಾನ ಇಲಾಖೆಯ ಎಚ್ಚರಿಕೆಯ ಮಾತು ನಮಗೆ ಬೇರೆಯದೇ ರೀತಿ ಕೇಳಿಸುತ್ತದೆ.

ಕಡಲು ಗಾಳಿಗೆ ಏನು ಕೊಡುತ್ತದೆ?

ಬೆವರಿದ ಮೈಗೆ ಗಾಳಿ ತಾಗಿದರೆ ತಂಪು ಅನ್ನಿಸುತ್ತದೆ. ನೀರು ಆವಿಯಾಗುವಾಗ ಮೈಯಿಂದ ಬಿಸಿಯನ್ನು ಎತ್ತಿಕೊಂಡು ಹೋಗುತ್ತದೆ, ಅದಕ್ಕೇ ಈ ತಂಪು. ಹಾಗೆ ಎತ್ತಿಕೊಂಡ ಬಿಸಿ ಎಲ್ಲಿ ಹೋಗುತ್ತದೆ? ಆವಿಯೊಳಗೇ ಅಡಗಿರುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಆವಿ ಕೈಗೆ ಬಡಿದರೆ ಎಷ್ಟು ಸುಡುತ್ತದೆ ಅಂತ ನಮಗೆಲ್ಲ ಗೊತ್ತು. ಕೈಗೆ ತಾಗಿದ ಆವಿ ಪುನಃ ನೀರಾಗುವಾಗ ತನ್ನೊಳಗಿನ ಬಿಸಿಯನ್ನು ಅಲ್ಲೇ ಬಿಟ್ಟುಬಿಡುತ್ತದೆ.

ಕಡಲಿನ ಮೇಲೂ ಇದೇ ನಡೆಯುತ್ತದೆ. ಬೆಚ್ಚಗಿನ ಕಡಲಿನಿಂದ ನೀರು ಆವಿಯಾಗಿ ಮೇಲೆ ಹೋಗುತ್ತದೆ. ಎತ್ತರದಲ್ಲಿ ತಣ್ಣಗಾಗಿ ಮೋಡ, ಮಳೆ ಆಗುವಾಗ ಕಡಲಿನಿಂದ ತಂದ ಬಿಸಿಯನ್ನು ಗಾಳಿಗೆ ಬಿಡುತ್ತದೆ. ಬಿಸಿಯಾದ ಗಾಳಿ ಇನ್ನೂ ಮೇಲೇರುತ್ತದೆ, ಕೆಳಗೆ ಒತ್ತಡ ಕಡಿಮೆ ಆಗುತ್ತದೆ. ಆ ಜಾಗ ತುಂಬಲು ಸುತ್ತಲಿನ ಗಾಳಿ ನುಗ್ಗುತ್ತದೆ. ಹಾಗೆ ಕಡಲಿನ ಮೇಲಿಂದ ನುಗ್ಗುವ ಗಾಳಿ ಮತ್ತಷ್ಟು ಆವಿ ಹೊತ್ತು ತರುತ್ತದೆ. ಗಾಳಿ ಜೋರಾದಷ್ಟೂ ಆವಿ ಹೆಚ್ಚು, ಆವಿ ಹೆಚ್ಚಾದಷ್ಟೂ ಗಾಳಿ ಜೋರು. ಬಡ್ಡಿಗೆ ಬಡ್ಡಿ ಸೇರಿ ಸಾಲ ಬೆಳೆದ ಹಾಗೆ ಚಂಡಮಾರುತ ಬೆಳೆಯುತ್ತದೆ.

ಇದಕ್ಕೆ ಕಡಲಿನ ಮೇಲ್ಮೈ ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಬೆಚ್ಚಗಿರಬೇಕು. ಭೂಮಿ ತಿರುಗುವುದರಿಂದ ನುಗ್ಗುವ ಗಾಳಿ ನೇರ ಬರದೆ ಬಾಗುತ್ತದೆ. ನಮ್ಮ ಉತ್ತರಾರ್ಧ ಗೋಳದಲ್ಲಿ ಅದು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಹಾಗೆ ಸುತ್ತುವ ಗಾಳಿಯ ವೇಗ ಗಂಟೆಗೆ 62 ಕಿಲೋಮೀಟರ್ ಮುಟ್ಟಿದರೆ ನಮ್ಮ ಹವಾಮಾನ ಇಲಾಖೆ ಅದನ್ನು ಚಂಡಮಾರುತ ಅನ್ನುತ್ತದೆ, ಹೆಸರನ್ನೂ ಇಡುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ವಾಯುಭಾರ ಕುಸಿತ. ದಡ ಹತ್ತಿ ಒಳನಾಡಿಗೆ ಹೋದ ಮೇಲೆ ಚಂಡಮಾರುತ ಬೇಗ ಸೊರಗುತ್ತದೆ. ಕಡಲಿನ ಆವಿ ಸಿಗುವುದಿಲ್ಲ, ಅಂದರೆ ಊಟ ನಿಂತುಹೋಯಿತು.

ಬಿಸಿ ಒಂದೇ ಸಾಲದು

ಈಗ ತಂಗಿಯ ಪ್ರಶ್ನೆಗೆ ಬರೋಣ. ಸೌದೆ ಒಣಗಿದೆ ಅಂದ ಮಾತ್ರಕ್ಕೆ ಒಲೆ ತನ್ನಿಂದ ತಾನೇ ಉರಿಯುತ್ತದಾ? ಇಲ್ಲ. ಕಡಲಿನ ಬಿಸಿ ಅಂದರೆ ಒಣಗಿದ ಸೌದೆ ಅಷ್ಟೇ. ಮೊದಲೇ ಒಂದು ಸಣ್ಣ ಸುಳಿ ಇರಬೇಕು. ಗಾಳಿಯಲ್ಲಿ ಸಾಕಷ್ಟು ತೇವ ಇರಬೇಕು. ಮುಖ್ಯವಾಗಿ, ಕೆಳಗಿನ ಗಾಳಿಗೂ ಎತ್ತರದ ಗಾಳಿಗೂ ದಿಕ್ಕಿನಲ್ಲಿ, ವೇಗದಲ್ಲಿ ಬಹಳ ವ್ಯತ್ಯಾಸ ಇರಬಾರದು. ಇದ್ದರೆ ಸುಳಿಯ ತಲೆ ಒಂದು ಕಡೆ, ಬುಡ ಒಂದು ಕಡೆ ಆಗಿ ಹರಿದುಹೋಗುತ್ತದೆ.

ಜೋರು ಮಳೆಗಾಲದಲ್ಲಿ ಅರಬ್ಬೀ ಸಮುದ್ರದಲ್ಲಿ ಚಂಡಮಾರುತ ಅಪರೂಪವಾಗಲು ಈ ವ್ಯತ್ಯಾಸವೇ ದೊಡ್ಡ ಕಾರಣ. ಮುಂಗಾರಿನ ಗಾಳಿ ಸಮುದ್ರವನ್ನೂ ತಂಪು ಮಾಡಿರುತ್ತದೆ. ಆದ್ದರಿಂದ ನಮ್ಮ ಕಡೆ ಚಂಡಮಾರುತದ ಕಾಲ ಎರಡು: ಮಳೆಗಾಲದ ಮುಂಚೆ, ಅಂದರೆ ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ, ಮಳೆಗಾಲದ ನಂತರ, ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ.

ಈ ತಿಂಗಳುಗಳನ್ನು ನಮ್ಮ ದುಡಿಮೆಯ ಜೊತೆ ಹೋಲಿಸಿ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಮೇ ತಿಂಗಳು ಅಂದರೆ ರಜೆಗೆ ಮುಂಚಿನ ಕೊನೆಯ ಸಂಪಾದನೆ, ಮಳೆಗಾಲಕ್ಕೆ ಒಣಮೀನು ಮಾಡಿಟ್ಟುಕೊಳ್ಳುವ ಕಾಲ. ಅಕ್ಟೋಬರ್, ನವೆಂಬರ್ ಬೋಟುಗಳಿಗೆ ಒಳ್ಳೆಯ ದಿನಗಳು. ಚಂಡಮಾರುತ ಬರುವ ಕಾಲ, ನಮಗೆ ಕಡಲು ಬಿಟ್ಟಿರಲು ಕಷ್ಟವಾಗುವ ಕಾಲ ಎರಡೂ ಒಂದೇ.

ಗಾಳಿ ಕಡಲಿಗೆ ಏನು ಮಾಡುತ್ತದೆ?

ಬೇಸಿಗೆಯಲ್ಲಿ ಕೆರೆಗೆ ಇಳಿದು ನೋಡಿದವರಿಗೆ ಗೊತ್ತು. ಸೊಂಟದ ಹತ್ತಿರ ನೀರು ಬೆಚ್ಚಗೆ, ಪಾದದ ಹತ್ತಿರ ತಣ್ಣಗೆ. ಕಡಲೂ ಹಾಗೆಯೇ. ಮೇಲೆ ಬಿಸಿನೀರಿನ ಒಂದು ಪದರ, ಅದರ ಕೆಳಗೆ ಇಳಿದಂತೆ ತಣ್ಣೀರು. ಬಿಸಿನೀರು ಹಗುರ ಆದ ಕಾರಣ ಅದು ಮೇಲೆಯೇ ನಿಲ್ಲುತ್ತದೆ.

ಚಂಡಮಾರುತ ಇದರ ಮೇಲೆ ಕಡಗೋಲಿನ ಹಾಗೆ ತಿರುಗುತ್ತದೆ. ಗಾಳಿ ತಳ್ಳಿದ ರಭಸಕ್ಕೆ ಮೇಲಿನ ನೀರು ಹರಿದಾಡಿ, ಹತ್ತಾರು ಮೀಟರ್ ಆಳದ ತಣ್ಣೀರಿನ ಜೊತೆ ಕಲಸಿಹೋಗುತ್ತದೆ. ಸುಳಿಯ ನಡುವಿನಲ್ಲಿ ಮೇಲಿನ ನೀರು ಹೊರಕ್ಕೆ ಸರಿಯುವುದರಿಂದ ಕೆಳಗಿನ ತಣ್ಣೀರು ಮೇಲಕ್ಕೆ ಬರುತ್ತದೆ. ಹೀಗಾಗಿ ಚಂಡಮಾರುತ ಹಾದುಹೋದ ದಾರಿಯಲ್ಲಿ ಕಡಲಿನ ಮೇಲ್ಮೈ 2-3 ಡಿಗ್ರಿ, ಕೆಲವು ಸಲ ಅದಕ್ಕಿಂತಲೂ ಹೆಚ್ಚು ತಣ್ಣಗಾಗುತ್ತದೆ. ಉಪಗ್ರಹದ ಚಿತ್ರದಲ್ಲಿ ಅದು ತಣ್ಣೀರಿನ ಒಂದು ಪಟ್ಟಿಯ ಹಾಗೆ ಕಾಣುತ್ತದೆ. ಮೊದಲಿನ ಬಿಸಿಗೆ ಬರಲು ಕಡಲಿಗೆ ದಿನಗಳು, ಕೆಲವೊಮ್ಮೆ ವಾರಗಳೇ ಬೇಕು.

ಕೆಳಗಿನ ನೀರು ಬರಿಗೈಯಲ್ಲಿ ಬರುವುದಿಲ್ಲ. ತಳದಲ್ಲಿದ್ದ ಪೋಷಕಾಂಶಗಳನ್ನೂ ಮೇಲೆ ತರುತ್ತದೆ. ಬಿಸಿಲು ಬಿದ್ದಾಗ ಅದರಿಂದ ಕಣ್ಣಿಗೆ ಕಾಣದ ಸಣ್ಣ ಸಣ್ಣ ಸಸ್ಯಜೀವಿಗಳು ಬೆಳೆಯುತ್ತವೆ. ಚಂಡಮಾರುತ ಹೋದ ಕೆಲವು ದಿನಗಳಲ್ಲಿ ಕಡಲು ಹಸಿರಾಗುವುದನ್ನು ಉಪಗ್ರಹಗಳು ಕಂಡಿವೆ. ಮುಂಗಾರಿನಲ್ಲೂ ನಮ್ಮ ಕರಾವಳಿಯಲ್ಲಿ ಹೀಗೆ ತಳದ ನೀರು ಮೇಲೆ ಬರುತ್ತದೆ, ಬೂತಾಯಿ, ಬಂಗುಡೆಗೆ ಮೇವು ಸಿಗುವುದು ಅದರಿಂದಲೇ. ಆದರೆ ಇದನ್ನು ಚಂಡಮಾರುತದ ಲಾಭ ಅಂತ ಲೆಕ್ಕ ಹಾಕುವುದು ಬೇಡ. ಅರಬ್ಬೀ ಸಮುದ್ರದ ಆಳದ ನೀರಿನಲ್ಲಿ ಆಮ್ಲಜನಕ ಬಹಳ ಕಡಿಮೆ. ಅಂಥ ನೀರು ಮೇಲೆ ಬಂದರೆ ಮೀನಿಗೆ ತೊಂದರೆಯೂ ಉಂಟು.

ಮುಖ್ಯ ಮಾತು: ಬಿಸಿ ಎಷ್ಟು ಆಳಕ್ಕಿದೆ?

ಈಗ ಎರಡನ್ನೂ ಜೋಡಿಸಿ ನೋಡೋಣ. ಕಡಲಿನ ಬಿಸಿ ಚಂಡಮಾರುತದ ಊಟ. ಊಟ ಮಾಡುತ್ತಾ ಮಾಡುತ್ತಾ ಚಂಡಮಾರುತವೇ ಕಡಲನ್ನು ಕಲಕಿ ತಣ್ಣಗೆ ಮಾಡುತ್ತದೆ. ಅಂದರೆ ತನ್ನ ಒಲೆಗೆ ತಾನೇ ನೀರು ಸುರಿದುಕೊಂಡ ಹಾಗೆ. ಬಿಸಿನೀರಿನ ಪದರ ತೆಳ್ಳಗಿದ್ದರೆ ಬೇಗ ತಣ್ಣೀರು ಮೇಲೆ ಬಂದು ಚಂಡಮಾರುತದ ಬಲ ಕುಗ್ಗುತ್ತದೆ. ಪದರ ದಪ್ಪಗಿದ್ದರೆ ಎಷ್ಟು ಕಲಕಿದರೂ ಬಿಸಿನೀರೇ ಮೇಲೆ ಬರುತ್ತದೆ. ಆಗ ಅದಕ್ಕೆ ಊಟದ ಕೊರತೆ ಇಲ್ಲ.

ನಿಧಾನವಾಗಿ ಸಾಗುವ ಚಂಡಮಾರುತ ಒಂದೇ ಜಾಗವನ್ನು ಹೆಚ್ಚು ಹೊತ್ತು ಕಲಕುವುದರಿಂದ ಸಾಮಾನ್ಯವಾಗಿ ತಾನೇ ಸೊರಗುತ್ತದೆ. ಬೇಗ ಬೇಗ ಸಾಗುವುದು ತಣ್ಣೀರು ಮೇಲೆ ಬರುವ ಮುಂಚೆಯೇ ಮುಂದಿನ ಬಿಸಿನೀರಿಗೆ ಹೋಗಿಬಿಡುತ್ತದೆ.

ಬಂಗಾಳ ಕೊಲ್ಲಿಯಲ್ಲಿ ಇನ್ನೊಂದು ಸಂಗತಿ ಇದೆ. ನಮ್ಮ ಅಳಿವೆ ಬಾಗಿಲಿನಲ್ಲಿ ಮಳೆಗಾಲದಲ್ಲಿ ಹೊಳೆಯ ಸಿಹಿನೀರು ಮೇಲೆ, ಸಮುದ್ರದ ಉಪ್ಪುನೀರು ಅಡಿಯಲ್ಲಿ ನಿಲ್ಲುವುದುಂಟು. ಸಿಹಿನೀರು ಹಗುರ, ಅದಕ್ಕೇ. ಗಂಗಾ, ಬ್ರಹ್ಮಪುತ್ರ, ಮಹಾನದಿ, ಗೋದಾವರಿಯಂಥ ದೊಡ್ಡ ನದಿಗಳೆಲ್ಲ ಬಂಗಾಳ ಕೊಲ್ಲಿಗೇ ಸುರಿಯುತ್ತವೆ. ಮಳೆಗಾಲದ ನಂತರ ಅಲ್ಲಿ ಹಗುರವಾದ ನೀರಿನ ಪದರ ಮುಚ್ಚಳದ ಹಾಗೆ ಕೂತು, ಮೇಲಿನ ನೀರೂ ಆಳದ ತಣ್ಣೀರೂ ಬೆರೆಯದಂತೆ ತಡೆಯುತ್ತದೆ. ಆದ್ದರಿಂದ ಆ ಕಾಲದ ಚಂಡಮಾರುತಗಳು ಕಡಲನ್ನು ಅಷ್ಟಾಗಿ ತಣ್ಣಗೆ ಮಾಡಲಾಗದೆ ಬಲವಾಗಿಯೇ ಉಳಿಯುತ್ತವೆ. 1999ರ ಅಕ್ಟೋಬರ್ 29ರಂದು ಒಡಿಶಾಕ್ಕೆ ಬಡಿದ ಮಹಾ ಚಂಡಮಾರುತದಲ್ಲಿ ಸುಮಾರು 10,000 ಜನ ತೀರಿಕೊಂಡರು.

ತೌಕ್ತೆ ನಮ್ಮ ಕರೆಯನ್ನು ಹೇಗೆ ಮುಟ್ಟಿತು?

ಈಗ ಅಕ್ಕನ ಪ್ರಶ್ನೆ. 2021ರ ಮೇ 14ರಂದು ಲಕ್ಷದ್ವೀಪದ ಹತ್ತಿರ ವಾಯುಭಾರ ಕುಸಿತ ಆಯಿತು. ಅದೇ ತೌಕ್ತೆ ಆಗಿ ಬೆಳೆಯಿತು. ಮ್ಯಾನ್ಮಾರ್ ದೇಶ ಕೊಟ್ಟ ಈ ಹೆಸರಿನ ಅರ್ಥ ಒಂದು ಜಾತಿಯ ಹಲ್ಲಿ. ಆಗ ಸಮುದ್ರದ ನೀರು 30 ಡಿಗ್ರಿಗಿಂತ ಹೆಚ್ಚು ಬಿಸಿ ಇತ್ತು. ತೌಕ್ತೆ ಕೇರಳ, ಕರ್ನಾಟಕ, ಗೋವಾ, ಮಹಾರಾಷ್ಟ್ರದ ದಡಕ್ಕೆ ಹತ್ತದೆ ಸಮುದ್ರದಲ್ಲೇ ಉತ್ತರಕ್ಕೆ ಸಾಗಿ, ದಾರಿಯುದ್ದಕ್ಕೂ ಬಲ ಹೆಚ್ಚಿಸಿಕೊಂಡು, ಮೇ 17ರ ರಾತ್ರಿ ಗುಜರಾತಿನ ದಡ ಸೇರಿತು.

ನಮ್ಮ ದಡಕ್ಕೆ ಹತ್ತಲಿಲ್ಲ ನಿಜ. ಆದರೆ ನಾವು ಅದರ ಬಲಗಡೆಗೆ, ಪೂರ್ವಕ್ಕೆ ಇದ್ದೆವು. ಗಡಿಯಾರಕ್ಕೆ ವಿರುದ್ಧ ಸುತ್ತುವ ಗಾಳಿ ಆ ಬದಿಯಲ್ಲಿ ದಕ್ಷಿಣದಿಂದ, ನೈಋತ್ಯದಿಂದ ಬೀಸುತ್ತದೆ, ನೀರನ್ನು ದಡಕ್ಕೆ ತಳ್ಳುತ್ತದೆ. ಚಂಡಮಾರುತ ಎಬ್ಬಿಸಿದ ತೆರೆಗಳು ನೂರಾರು ಕಿಲೋಮೀಟರ್ ದೂರ ಸಾಗಬಲ್ಲವು. ಒತ್ತಡ ಕಡಿಮೆಯಾದಾಗ ಸಮುದ್ರದ ಮಟ್ಟವೂ ಸ್ವಲ್ಪ ಏರುತ್ತದೆ. ಇದರ ಮೇಲೆ ಉಬ್ಬರದ ಹೊತ್ತು ಸೇರಿದರೆ ತೆರೆ ತೆಂಗಿನ ಬುಡಕ್ಕೆ, ರಸ್ತೆಗೆ, ಮನೆ ಬಾಗಿಲಿಗೆ ಬರುತ್ತದೆ. ಸಮುದ್ರ ಎದ್ದು ನಿಂತಿರುವಾಗ ಹೊಳೆಯ ನೀರೂ ಸಲೀಸಾಗಿ ಹರಿದುಹೋಗದೆ ತಗ್ಗಿನ ಜಾಗಕ್ಕೆ ನುಗ್ಗುತ್ತದೆ.

ಆ ದಿನಗಳಲ್ಲಿ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಮೂರೂ ಜಿಲ್ಲೆಗಳಲ್ಲಿ ಕಡಲ್ಕೊರೆತ ಆಯಿತು, ಮನೆಗಳು ಹಾಳಾದವು, ಜೀವಹಾನಿಯೂ ಆಯಿತು. ಮುಲ್ಕಿ ಹತ್ತಿರ ಸಮುದ್ರದಲ್ಲಿ ಬಂಡೆಗಳ ನಡುವೆ ಸಿಕ್ಕಿಬಿದ್ದ ಟಗ್ಗಿನ 9 ಮಂದಿಯನ್ನು ಮೇ 17ರಂದು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆಯವರು ರಕ್ಷಿಸಿದರು. ಹಾಗಾಗಿ "ಗುಜರಾತಿಗೆ ಹೋಗ್ತದೆ" ಅನ್ನುವ ಸುದ್ದಿ ಕೇಳಿ ಸುಮ್ಮನೆ ಕೂರುವ ಹಾಗಿಲ್ಲ. ಹೋಗುವ ದಾರಿ ನಮ್ಮ ಬಾಗಿಲ ಮುಂದೆಯೇ!

ಅರಬ್ಬೀ ಸಮುದ್ರ ಮೊದಲಿನ ಹಾಗಿಲ್ಲ

ನಮ್ಮ ಹಿರಿಯರು "ತೂಫಾನು ಎಲ್ಲ ಮದ್ರಾಸ್ ಕಡೆಗೆ" ಅನ್ನುತ್ತಿದ್ದರು. ಅದು ಸುಳ್ಳಲ್ಲ. ಬಂಗಾಳ ಕೊಲ್ಲಿಯಲ್ಲಿ ನಾಲ್ಕು ಚಂಡಮಾರುತ ಬಂದರೆ ಅರಬ್ಬೀ ಸಮುದ್ರದಲ್ಲಿ ಒಂದು ಅನ್ನುವ ಲೆಕ್ಕ ಇತ್ತು. ಈಗ ಲೆಕ್ಕ ಬದಲಾಗುತ್ತಿದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 1982ರಿಂದ 2019ರವರೆಗಿನ ಚಂಡಮಾರುತಗಳನ್ನು ಲೆಕ್ಕ ಹಾಕಿ 2021ರಲ್ಲಿ ಪ್ರಕಟಿಸಿದರು. ಮೊದಲ ಅರ್ಧಕ್ಕಿಂತ 2001ರ ನಂತರದ ಅರ್ಧದಲ್ಲಿ ಅರಬ್ಬೀ ಸಮುದ್ರದ ಚಂಡಮಾರುತಗಳ ಸಂಖ್ಯೆ ಶೇ. 52ರಷ್ಟು ಹೆಚ್ಚಾಗಿತ್ತು. 2019 ಒಂದೇ ವರ್ಷದಲ್ಲಿ ವಾಯು, ಹಿಕಾ, ಕ್ಯಾರ್, ಮಹಾ, ಪವನ್ ಅಂತ ಐದು ಬಂದವು.

ಕಾರಣ ಪುನಃ ಕಡಲಿನ ಬಿಸಿಯೇ. ಕಲ್ಲಿದ್ದಲು, ಡೀಸೆಲ್, ಪೆಟ್ರೋಲ್ ಉರಿಸಿದ ಹೊಗೆಯಿಂದ ಭೂಮಿಯಲ್ಲಿ ಸೇರುತ್ತಿರುವ ಹೆಚ್ಚುವರಿ ಬಿಸಿಯಲ್ಲಿ ನೂರಕ್ಕೆ ತೊಂಬತ್ತು ಪಾಲಿನಷ್ಟನ್ನು ಸಮುದ್ರಗಳು ನುಂಗಿಕೊಂಡಿವೆ. ಮೇಲ್ಮೈ ಮಾತ್ರ ಅಲ್ಲ, ಆಳದ ನೀರೂ ಬಿಸಿಯಾಗುತ್ತಿದೆ. ಬಿಸಿನೀರಿನ ಪದರ ದಪ್ಪವಾದರೆ ಏನಾಗುತ್ತದೆ ಅಂತ ಈಗ ತಾನೇ ನೋಡಿದೆವು. 2023ರ ಬಿಪರ್‌ಜಾಯ್ ಚಂಡಮಾರುತ ಜೂನ್ 6ರಂದು ಎದ್ದು, ನಿಧಾನವಾಗಿ ಸಾಗಿಯೂ ಸೊರಗದೆ, ಜೂನ್ 15ರಂದು ಗುಜರಾತಿನ ಜಖೌ ಬಂದರಿನ ಹತ್ತಿರ ದಡ ಸೇರಿತು. ಅಷ್ಟು ದಿನ ಅದಕ್ಕೆ ಕಡಲಿನಲ್ಲಿ ಊಟ ಇತ್ತು.

ಓಖಿ ಕಲಿಸಿದ ಪಾಠ

ಬಿಸಿ ಕಡಲಿನ ಇನ್ನೊಂದು ಅಪಾಯ ಅಂದರೆ ಅವಸರ. 2017ರ ನವೆಂಬರ್ 29ರಂದು ಶ್ರೀಲಂಕಾದ ಹತ್ತಿರ ಇದ್ದ ವಾಯುಭಾರ ಕುಸಿತ, ಒಂದೇ ದಿನದಲ್ಲಿ, ನವೆಂಬರ್ 30ರಂದು ಕನ್ಯಾಕುಮಾರಿಯ ಬಳಿ ಓಖಿ ಚಂಡಮಾರುತವಾಯಿತು. ಕೇರಳದ, ತಮಿಳುನಾಡಿನ ಎಷ್ಟೋ ಮೀನುಗಾರರು ಆಗಲೇ ಕಡಲಿಗೆ ಹೋಗಿಯಾಗಿತ್ತು. ಹಲವರು ಹಲವು ದಿನಗಳ ಮೀನುಗಾರಿಕೆಗೆ ದೂರ ಹೋದವರು. ಎಚ್ಚರಿಕೆ ಅವರನ್ನು ಮುಟ್ಟಲಿಲ್ಲ. ನೂರಾರು ಮಂದಿ ಹಿಂದೆ ಬರಲಿಲ್ಲ. ಅವರ ಮನೆಯ ಹೆಂಗಸರು ದಡದಲ್ಲಿ ದಿನಗಟ್ಟಲೆ ಕಾದರು. ಅದೇ ಓಖಿ ಗುಜರಾತಿನ ಹತ್ತಿರ ಹೋಗುವಾಗ ತಣ್ಣಗಿನ ಕಡಲು, ಎತ್ತರದ ಜೋರು ಗಾಳಿ ಸಿಕ್ಕಿ ಕಡಲಲ್ಲೇ ಸೊರಗಿಹೋಯಿತು.

ಎಚ್ಚರಿಕೆ ಸಮಯಕ್ಕೆ ಸಿಕ್ಕಿ, ಜನ ಕೇಳಿದರೆ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆ ಉಂಟು. 1999ರಲ್ಲಿ ಅಷ್ಟು ಜನರನ್ನು ಕಳೆದುಕೊಂಡ ಒಡಿಶಾದಲ್ಲೇ 2013ರ ಅಕ್ಟೋಬರ್ 12ರಂದು ಫೈಲಿನ್ ಎಂಬ ಬಲವಾದ ಚಂಡಮಾರುತ ಬಂದಾಗ, ಮೊದಲೇ ಸುಮಾರು 10 ಲಕ್ಷ ಜನರನ್ನು ಸುರಕ್ಷಿತ ಜಾಗಕ್ಕೆ ಕಳಿಸಿದ್ದರು. ಸತ್ತವರ ಸಂಖ್ಯೆ 50ರ ಒಳಗೇ ಉಳಿಯಿತು. ಚಂಡಮಾರುತವನ್ನು ತಡೆಯಲು ಯಾರಿಂದಲೂ ಆಗಲಿಲ್ಲ. ಸಾವನ್ನು ತಡೆಯಲು ಆಯಿತು.

ನಮ್ಮ ಸಂಘ ಏನು ಮಾಡಬಹುದು?

1. ಎಚ್ಚರಿಕೆಯ ಭಾಷೆ ತಿಳಿಯೋಣ. ಹವಾಮಾನ ಇಲಾಖೆ ಹಂತ ಹಂತವಾಗಿ ಎಚ್ಚರಿಸುತ್ತದೆ. ಹಳದಿ ಅಂದರೆ ಗಮನ ಇಡಿ, ಕಿತ್ತಳೆ ಅಂದರೆ ತಯಾರಾಗಿ, ಕೆಂಪು ಅಂದರೆ ಕೂಡಲೇ ಹೇಳಿದ ಹಾಗೆ ಮಾಡಿ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರವು ತೆರೆಗಳ ಎತ್ತರದ ಮುನ್ಸೂಚನೆ ಕೊಡುತ್ತದೆ.

2. ಆಕಾಶ ನೋಡಿ ತೀರ್ಮಾನ ಮಾಡುವುದು ಬೇಡ. ಬಿಸಿಲಿದ್ದರೂ ದೂರದ ಚಂಡಮಾರುತದ ತೆರೆ ಮೊದಲು ಬರಬಹುದು. ಚಂಡಮಾರುತದ ನಡುವಿನ ಕಣ್ಣು ಮೇಲೆ ಬಂದಾಗ ಗಾಳಿ ನಿಂತುಹೋಗುತ್ತದೆ. "ಮುಗೀತು" ಅಂತ ಹೊರಗೆ ಬಂದರೆ ಸ್ವಲ್ಪ ಹೊತ್ತಿನಲ್ಲೇ ಎದುರು ದಿಕ್ಕಿನಿಂದ ಗಾಳಿ ಬಡಿಯುತ್ತದೆ.

3. ಸುದ್ದಿ ಮುಟ್ಟಿಸುವ ಜವಾಬ್ದಾರಿ ಹಂಚಿಕೊಳ್ಳೋಣ. ಪ್ರತಿ ಸಂಘದಲ್ಲಿ ಇಬ್ಬರು ಈ ಕೆಲಸ ವಹಿಸಿಕೊಳ್ಳಲಿ. ಒಂಟಿ ಇರುವ ಅಜ್ಜಿ, ಬಸುರಿ, ಬಾಣಂತಿ, ಹಾಸಿಗೆ ಹಿಡಿದವರು ಯಾವ ಮನೆಯಲ್ಲಿದ್ದಾರೆ ಅನ್ನುವ ಪಟ್ಟಿ ಅವರ ಹತ್ತಿರ ಇರಲಿ. ಯಾವ ಬೋಟು ಎಷ್ಟು ದಿನಕ್ಕೆ ಹೋಗಿದೆ ಅಂತ ಬರೆದಿಡಲಿ.

4. ಸಂಘದ ಪುಸ್ತಕ, ಪಾಸ್‌ಬುಕ್, ರೇಶನ್ ಕಾರ್ಡು, ಆಧಾರ್, ಮದ್ದು, ಟಾರ್ಚ್ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಕೈಗೆ ಸಿಗುವ ಹಾಗೆ ಇಡೋಣ. ಕುಡಿಯುವ ನೀರು ತುಂಬಿಸಿ, ಮೊಬೈಲ್ ಚಾರ್ಜ್ ಮಾಡಿಡೋಣ. ಒಣಮೀನು, ಬಲೆಯನ್ನು ದಡದಿಂದ ಮೇಲೆ ಸಾಗಿಸೋಣ.

5. ಈ ನಂಬರ್‌ಗಳು ಗೋಡೆಯ ಮೇಲೆ ಇರಲಿ: ತುರ್ತು ಸಹಾಯಕ್ಕೆ 112, ಜಿಲ್ಲಾ ವಿಪತ್ತು ಕಂಟ್ರೋಲ್ ರೂಮಿಗೆ 1077, ಸಮುದ್ರದಲ್ಲಿ ಸಿಕ್ಕಿಬಿದ್ದವರಿಗಾಗಿ ಕೋಸ್ಟ್ ಗಾರ್ಡ್ 1554.

6. ಕೊನೆಯದು, ನಮ್ಮ ಕೈಯಲ್ಲೇ ಇರುವುದು. ಎಚ್ಚರಿಕೆ ಗೊತ್ತಿದ್ದೂ ಕಡಲಿಗೆ ಇಳಿಯುವವರನ್ನು ಕೇಳಿದರೆ ಬರುವ ಉತ್ತರ ಒಂದೇ: "ಸೋಮವಾರ ಕಂತು ಕಟ್ಟಬೇಕಲ್ಲ?" ಆ ಕಂತಿನ ಪುಸ್ತಕ ಎಲ್ಲಿದೆ? ನಮ್ಮ ಸಂಘದಲ್ಲಿದೆ. ಎಚ್ಚರಿಕೆ ಇರುವ ವಾರ ಸಂಘದ ಒಳಸಾಲದ ಕಂತನ್ನು ದಂಡ ಇಲ್ಲದೆ ಮುಂದೂಡುತ್ತೇವೆ ಅಂತ ಒಂದು ನಿರ್ಣಯ ಬರೆದು ಎಲ್ಲರೂ ಸಹಿ ಹಾಕಿದರೆ, ಒಬ್ಬ ಅಣ್ಣನೋ ಮಗನೋ ಆ ದಿನ ದಡದಲ್ಲಿ ಉಳಿಯಬಹುದು. ಇದಕ್ಕೆ ಸರಕಾರದ ಆದೇಶ ಬೇಕಾಗಿಲ್ಲ. ಚಂಡಮಾರುತದ ಕಾಲ ಬರುವ ಮುಂಚೆ, ಏಪ್ರಿಲ್ ಮತ್ತು ಸೆಪ್ಟೆಂಬರ್ ಸಭೆಗಳಲ್ಲಿ ಇದನ್ನು ಪುನಃ ಓದಿ ನೆನಪು ಮಾಡಿಕೊಳ್ಳೋಣ.

ಕಡಲು ನಮಗೆ ಅನ್ನ ಕೊಡುತ್ತದೆ, ಅದೇ ಕಡಲು ಚಂಡಮಾರುತಕ್ಕೂ ಊಟ ಕೊಡುತ್ತದೆ. ಅದು ಉಂಡು ಹೋಗುವ ಎರಡು ಮೂರು ದಿನ ನಾವು ಬದಿಗೆ ನಿಂತರೆ, ನಂತರ ನಮ್ಮ ಪಾಲಿಗೆ ಕಡಲು ಅಲ್ಲೇ ಇರುತ್ತದೆ.

ಚರ್ಚೆಗೆ ಪ್ರಶ್ನೆಗಳು

1. ತೌಕ್ತೆ ಬಂದಾಗ ನಮ್ಮ ಊರಿನಲ್ಲಿ ಏನೇನು ಆಯಿತು? ಸುದ್ದಿ ನಮಗೆ ಯಾವಾಗ, ಯಾರಿಂದ ಸಿಕ್ಕಿತು?

2. ಚಂಡಮಾರುತ ಕಡಲನ್ನು ತಣ್ಣಗೆ ಮಾಡುವುದು ಹೇಗೆ? ನಿಮ್ಮದೇ ಮಾತಿನಲ್ಲಿ ಪಕ್ಕದವರಿಗೆ ಹೇಳಿ.

3. ನಮ್ಮ ಊರಿನಲ್ಲಿ ನೀರು ಮೊದಲು ನುಗ್ಗುವ ಜಾಗ ಯಾವುದು? ಅಲ್ಲಿನ ಮನೆಯವರು ಎಲ್ಲಿಗೆ ಹೋಗಬೇಕು?

4. ಎಚ್ಚರಿಕೆಯ ವಾರ ಕಂತು ಮುಂದೂಡುವ ಬಗ್ಗೆ ನಮ್ಮ ಸಂಘದ ಅಭಿಪ್ರಾಯ ಏನು? ತೀರ್ಮಾನವನ್ನು ನಿರ್ಣಯ ಪುಸ್ತಕದಲ್ಲಿ ಬರೆಯಿರಿ.